ಯಾರೂ ಆಡದ ಮಾತು ಕೇಳುವವರಿಗೆ ಗುಂಪಿನ ಆಸರೆ

ಎದುರಿಗೆ ಯಾರೂ ಇಲ್ಲದಿದ್ದರೂ ಯಾರೋ ಕರೆದಂತೆ, ಬೈದಂತೆ, ಆಜ್ಞೆ ಮಾಡಿದಂತೆ ಕೇಳಿಸುವುದನ್ನು ವೈದ್ಯಶಾಸ್ತ್ರ ‘ಶ್ರವಣ ಭ್ರಮೆ’ ಎನ್ನುತ್ತದೆ. ಸ್ಕಿಜೋಫ್ರೇನಿಯಾದ ಪ್ರಮುಖ ಲಕ್ಷಣಗಳಲ್ಲಿ ಇದೂ ಒಂದು. ತೀವ್ರ ಖಿನ್ನತೆ, ಮಾನಸಿಕ ಆಘಾತ ಅಥವಾ ಆಪ್ತರ ಅಗಲಿಕೆಯ ನಂತರವೂ ಧ್ವನಿ ಕೇಳಿಸಬಹುದು. ಯಾವ ಕಾಯಿಲೆಯೂ ಇಲ್ಲದ ಕೆಲವರಿಗೂ ಕೇಳಿಸುವುದುಂಟು. ಹೇಳಿಕೊಂಡರೆ ‘ಹುಚ್ಚು’ ಎಂದಾರೆಂಬ ಅಂಜಿಕೆಯಿಂದ ಅನೇಕರು ಬಾಯಿ ಬಿಡುವುದಿಲ್ಲ. ಈ ಮೌನವನ್ನು ಮುರಿಯಲು ಹುಟ್ಟಿಕೊಂಡವೇ ‘ಧ್ವನಿ ಕೇಳುವವರ’ ಗುಂಪುಗಳು.

ಹುಟ್ಟಿದ ಬಗೆ

ಈ ಚಳವಳಿಯ ತವರು ನೆದರ್ಲೆಂಡ್ಸ್. ಅಲ್ಲಿನ ಮಾಸ್ಟ್ರಿಕ್ಟ್ ನಗರದ ಮನೋವೈದ್ಯ ಮರಿಯಸ್ ರೋಮ್ ಅವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರಿಗೆ ಔಷಧಿ ಸೇವಿಸಿದರೂ ಧ್ವನಿಗಳು ನಿಂತಿರಲಿಲ್ಲ. 1987ರಲ್ಲಿ ಇಬ್ಬರೂ ಟಿವಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡು, ಇಂಥದೇ ಅನುಭವವುಳ್ಳವರು ಸಂಪರ್ಕಿಸುವಂತೆ ಕೋರಿದರು. ಧ್ವನಿ ಕೇಳುವ ಸುಮಾರು 450 ಮಂದಿ ಸ್ಪಂದಿಸಿದರು. ಅವರಲ್ಲಿ ಸುಮಾರು 150 ಮಂದಿ ಧ್ವನಿಗಳನ್ನು ನಿಭಾಯಿಸಿಕೊಂಡು ಬಾಳುತ್ತಿದ್ದರು. ‘ಧ್ವನಿ ನಿಲ್ಲಿಸುವುದು ಹೇಗೆ’ ಎಂಬುದರ ಜೊತೆಗೆ ‘ಧ್ವನಿಯೊಂದಿಗೆ ಬಾಳುವುದು ಹೇಗೆ’ ಎಂಬ ಪ್ರಶ್ನೆಯೂ ಎದ್ದದ್ದು ಆಗ. ರೋಮ್ ಮತ್ತು ಪತ್ರಕರ್ತೆ ಸಾಂಡ್ರಾ ಎಷರ್ ಈ ಅನುಭವಗಳನ್ನು ಅಧ್ಯಯನ ಮಾಡಿದರು. 1988ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಗುಂಪು ಆರಂಭವಾಯಿತು. 1997ರಲ್ಲಿ ‘ಇಂಟರ್‌ವಾಯ್ಸ್’ ಎಂಬ ಅಂತರರಾಷ್ಟ್ರೀಯ ಜಾಲ ರೂಪುಗೊಂಡಿತು.

ಸಭೆಯಲ್ಲಿ ನಡೆಯುವುದೇನು?

ಕೆಲವೇ ಮಂದಿ ನಿಗದಿತ ದಿನ ಸೇರುತ್ತಾರೆ. ಸಭೆ ನಡೆಸುವವರಲ್ಲಿ ಸ್ವತಃ ಧ್ವನಿ ಕೇಳುವವರೂ ಇರುತ್ತಾರೆ. ಧ್ವನಿ ಯಾರದು, ಯಾವಾಗ ಬರುತ್ತದೆ, ಏನನ್ನುತ್ತದೆ ಎಂದು ಹೇಳಿಕೊಳ್ಳಬಹುದು. ಸುಮ್ಮನೆ ಕೇಳುತ್ತಲೂ ಕೂರಬಹುದು. ಅದು ದೈವವೋ, ರೋಗವೋ, ಹಳೆಯ ನೋವೋ ಎಂಬ ಬಗ್ಗೆ ಒಂದೇ ವಿವರಣೆಯನ್ನು ಯಾರ ಮೇಲೂ ಹೇರುವುದಿಲ್ಲ.

ಉಪಾಯಗಳ ವಿನಿಮಯವೂ ನಡೆಯುತ್ತದೆ. ಧ್ವನಿ ಬಂದ ಹೊತ್ತನ್ನು ದಿನಚರಿಯಲ್ಲಿ ಬರೆದಿಡುವುದು, ‘ಸಂಜೆ ಮಾತನಾಡೋಣ’ ಎಂದು ಅದಕ್ಕೆ ಗಡುವು ನೀಡುವುದು, ಸಂಗೀತ ಆಲಿಸುವುದು ಇವುಗಳಲ್ಲಿ ಕೆಲವು. ಬಸ್ಸಿನಲ್ಲಿ ಧ್ವನಿಗೆ ಉತ್ತರಿಸಲೇಬೇಕೆನಿಸಿದಾಗ ಮೊಬೈಲನ್ನು ಕಿವಿಗೆ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ!

ಮಿತಿಯೂ ಉಂಟು

ಈ ಗುಂಪುಗಳ ಪರಿಣಾಮ ಕುರಿತ ಅಧ್ಯಯನಗಳು ಇನ್ನೂ ಕಡಿಮೆ. ಗುಂಪು ಚಿಕಿತ್ಸೆಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸುವುದು ಅಪಾಯಕರ. ತನಗೋ ಪರರಿಗೋ ಹಾನಿ ಮಾಡುವಂತೆ ಧ್ವನಿ ಆಜ್ಞಾಪಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ‘ಟೆಲಿ ಮಾನಸ್’ (14416) ಉಚಿತವಾಗಿ ಸಲಹೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ.

ಮನೆಯವರು ಮಾಡಬೇಕಾದ್ದು ಇಷ್ಟೇ: ‘ನಮಗೇನೂ ಕೇಳಿಸುತ್ತಿಲ್ಲ’ ಎಂದು ವಾದಿಸುವ ಬದಲು, ‘ನಿನಗೆ ಏನು ಕೇಳಿಸುತ್ತಿದೆ?’ ಎಂದು ವಿಚಾರಿಸುವುದು.