ಸಾಮ್ರಾಜ್ಯಗಳು ಮಿಂದು ಹೋದ ಊರು

ಬುಡಾಪೆಸ್ಟಿನಲ್ಲಿ ಡ್ಯಾನ್ಯೂಬ್ ನದಿಗೆ ಅಡ್ಡಲಾಗಿ ಎಲಿಜಬೆತ್ ಸೇತುವೆಯಿದೆ. ಅದರ ಎರಡೂ ತುದಿಗಳಲ್ಲಿ ತುರ್ಕರ ಕಾಲದ ಒಂದೊಂದು ಗುರುತು ಉಳಿದಿದೆ. ಪೆಸ್ಟ್ ದಡದ ಹಳೆಯ ಚರ್ಚಿನ ಒಳಗೋಡೆಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೂಡೊಂದಿದೆ. ಆ ಚರ್ಚು ಒಂದು ಕಾಲಕ್ಕೆ ಮಸೀದಿಯಾಗಿತ್ತು ಎಂದು ಹೇಳುವ ಕುರುಹು ಅದು. ಸೇತುವೆ ದಾಟಿ ಬುಡಾ ದಡಕ್ಕೆ ಬಂದರೆ ಎದುರಾಗುವುದು ರುದಾಶ್ ಸ್ನಾನಗೃಹ. ಇಲ್ಲಿ ಹುಡುಕುವ ಕಷ್ಟವೇ ಇಲ್ಲ. ಗುಮ್ಮಟ, ಎಂಟು ಕಂಬ, ನಡುವಿನ ಎಂಟು ಮೂಲೆಯ ಕೊಳ ಎಲ್ಲವೂ 16ನೇ ಶತಮಾನದವು, ಎಲ್ಲವೂ ಬಳಕೆಯಲ್ಲಿವೆ. ಟಿಕೆಟ್ ಕೊಂಡವರು ಇವತ್ತಿಗೂ ಪಾಷಾ ಕಟ್ಟಿಸಿದ ಕೊಳಕ್ಕೇ ಇಳಿಯುತ್ತಾರೆ.

ಹಂಗೇರಿಗೆ ಪ್ರವಾಸ ಹೊರಡುವವರ ಪಟ್ಟಿಯಲ್ಲಿ ಸಂಸತ್ ಭವನ, ಬುಡಾ ಕೋಟೆ, ಚೈನ್ ಬ್ರಿಡ್ಜ್ ಇದ್ದೇ ಇರುತ್ತವೆ. ಬಿಸಿನೀರಿನ ಕೊಳಗಳು ಕೊನೆಯ ದಿನದ ಸುಸ್ತು ಕಳೆಯುವುದಕ್ಕೆ ಎಂದು ಒಂದು ಮೂಲೆಯಲ್ಲಿರುತ್ತವೆ. ಪಟ್ಟಿಯನ್ನು ತಿರುವು ಮುರುವು ಮಾಡಿ ನೋಡಬೇಕು. ಈ ಊರನ್ನು ಆಳಿದವರು ಹಿಂದಿನವರ ಗುಡಿ, ಕೋಟೆ, ಸೇತುವೆಗಳನ್ನು ಬದಲಾಯಿಸಿದರು ಇಲ್ಲವೇ ಕೆಡವಿದರು. ಸ್ನಾನಗೃಹ ಸಿಕ್ಕಲ್ಲಿ ಮಾತ್ರ ಒಳಗೆ ಹೋಗಿ ಮಿಂದರು. ಹಾಗಾಗಿ ಕೊಳಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಹೋದರೆ ಹಂಗೇರಿಯ ಚರಿತ್ರೆಯೂ ಸಾಲಾಗಿ ಸಿಗುತ್ತದೆ.

ಎಲ್ಲಕ್ಕೂ ಮೂಲ ನೆಲದೊಳಗಿನ ಒಂದು ಬಿರುಕು. ಬುಡಾ ಬೆಟ್ಟಗಳದು ಸುಣ್ಣಕಲ್ಲು ಮತ್ತು ಡಾಲಮೈಟ್. ಮಳೆನೀರು ಆ ಕಲ್ಲಿನ ಸಂದುಗಳಲ್ಲಿ ಆಳಕ್ಕಿಳಿಯುತ್ತದೆ, ಭೂಮಿಯ ಕಾವಿಗೆ ಕಾಯುತ್ತದೆ, ಖನಿಜ ಕರಗಿಸಿಕೊಂಡು ನದಿಯಂಚಿನ ಬಿರುಕಿನಲ್ಲಿ ಮೇಲೇಳುತ್ತದೆ. ನಗರದಲ್ಲಿ ಇಂಥ ಬುಗ್ಗೆಗಳು ಮತ್ತು ಕೊಳವೆಬಾವಿಗಳು ನೂರಕ್ಕೂ ಹೆಚ್ಚು.

ಇದನ್ನು ಬಳಸಿಕೊಂಡವರಲ್ಲಿ ಮೊದಲು ಗುರುತು ಬಿಟ್ಟವರು ರೋಮನ್ನರು. ಈಗಿನ ಓಬುಡಾ ಬಡಾವಣೆಯಲ್ಲಿದ್ದ ಅವರ ಅಕ್ವಿಂಕುಮ್ ಪಟ್ಟಣ ಕೆಳ ಪನೋನಿಯಾ ಪ್ರಾಂತ್ಯದ ರಾಜಧಾನಿ. ಮುಂದೆ ಚಕ್ರವರ್ತಿಯಾದ ಹೇಡ್ರಿಯನ್ ಅದರ ಮೊದಲ ರಾಜ್ಯಪಾಲ. ಬುಗ್ಗೆಗಳಿಂದ ಊರಿಗೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆಯ ಕಂಬಗಳು ಇಂದಿಗೂ ವಾಹನಗಳು ಓಡುವ ಹೆದ್ದಾರಿಯ ಮಗ್ಗುಲಲ್ಲೇ ನಿಂತಿವೆ. ಸೈನಿಕರ ದೊಡ್ಡ ಸ್ನಾನಗೃಹದ ಅವಶೇಷವಂತೂ ಫ್ಲೋರಿಯಾನ್ ಚೌಕದಲ್ಲಿ ರಸ್ತೆಯ ಕೆಳಗಿದೆ. ಒಂದು ಬೆಳಿಗ್ಗೆ ಓಬುಡಾಕ್ಕೆ ಮೀಸಲಿಟ್ಟರೆ ಸಾಕು.

ತುರ್ಕರ ಅಧ್ಯಾಯಕ್ಕೆ ಮಾತ್ರ ಪೂರ್ತಿ ದಿನ ಬೇಕು. 1541ರಲ್ಲಿ ಬುಡಾ ಒಟ್ಟೊಮನ್ನರ ವಶವಾಯಿತು, 145 ವರ್ಷ ಅವರದೇ ಆಳ್ವಿಕೆ ನಡೆಯಿತು. 1566ರಿಂದ 1578ರವರೆಗೆ ಇಲ್ಲಿ ಪಾಷಾ ಆಗಿದ್ದ ಸೊಕೊಲ್ಲು ಮುಸ್ತಫಾ ಕಟ್ಟಿಸುವ ಹುಚ್ಚಿನವನು. ರುದಾಶ್ ಇವನದು. ಹಿಂದಿನ ಪಾಷಾ ಆರಂಭಿಸಿದ್ದ ಕಿರಾಯ್ ಸ್ನಾನಗೃಹವನ್ನು ಪೂರ್ತಿ ಮಾಡಿಸಿದವನೂ ಇವನೇ. ಕಿರಾಯ್‌ನ ಕಥೆ ಸ್ವಾರಸ್ಯದ್ದು. ಅದಕ್ಕೆ ಸ್ವಂತ ಬುಗ್ಗೆಯೇ ಇಲ್ಲ. ಬುಗ್ಗೆಗಳಿದ್ದದ್ದು ಉತ್ತರದಲ್ಲಿ, ಕೋಟೆಗೋಡೆಯ ಆಚೆ. ವೈರಿ ಬಂದು ಊರಿಗೆ ಮುತ್ತಿಗೆ ಹಾಕಿದರೂ ಒಳಗಿದ್ದವರ ಸ್ನಾನ ನಿಲ್ಲಬಾರದೆಂದು ಬಿಸಿನೀರನ್ನು ಕೊಳವೆಯಲ್ಲಿ ಗೋಡೆಯೊಳಕ್ಕೆ ತಂದು ಕಟ್ಟಿದರು.

ರುದಾಶ್‌ನ ಒಳಗೆ ಹೋದವರಿಗೆ ಮೊದಲು ಕಾಣುವುದು ಕತ್ತಲು. ಗುಮ್ಮಟದ ತೂತುಗಳಿಗೆ ಕೂರಿಸಿದ ಬಣ್ಣದ ಗಾಜುಗಳಿಂದ ಕೋಲು ಕೋಲಾಗಿ ಬೆಳಕು ಇಳಿದು ಆವಿಯಲ್ಲಿ ಮಾಯವಾಗುತ್ತದೆ. ಗಂಧಕದ ವಾಸನೆ ಮೂಗಿಗೆ ಒಗ್ಗಲು ತುಸು ಹೊತ್ತು ಬೇಕು. ದೊಡ್ಡ ಕೊಳದ ಸುತ್ತ ಮೂಲೆಗೊಂದು ಚಿಕ್ಕ ಕೊಳ, ಒಂದೊಂದರದು ಒಂದೊಂದು ಕಾವು. ಎಲ್ಲಕ್ಕಿಂತ ಬಿಸಿಯಾದದ್ದು 42 ಡಿಗ್ರಿ. ಅದರಲ್ಲಿ ಕುತ್ತಿಗೆವರೆಗೆ ಕುಳಿತು, ಎದ್ದು, 16 ಡಿಗ್ರಿಯ ತಣ್ಣೀರಿಗೆ ಧುಮುಕುವುದು ಇಲ್ಲಿನ ಹಳಬರ ಕ್ರಮ. ಹಲವು ದಶಕ ಈ ಗುಮ್ಮಟದಡಿ ಗಂಡಸರಿಗಷ್ಟೇ ಪ್ರವೇಶವಿತ್ತು. ಹೆಂಗಸರಿಗೆ ದಿನ ಗೊತ್ತುಮಾಡಿದ್ದು ಈ ಶತಮಾನದ ಮೊದಲ ದಶಕದಲ್ಲಿ.

1686ರಲ್ಲಿ ಹ್ಯಾಬ್ಸ್‌ಬರ್ಗರ ನೇತೃತ್ವದ ಸೈನ್ಯ ಬುಡಾವನ್ನು ಗೆದ್ದಾಗ ಊರು ಸುಟ್ಟು ಹಾಳಾಗಿತ್ತು. ಮಸೀದಿಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಸ್ನಾನಗೃಹಗಳಿಗೆ ಹೊಸ ಒಡೆಯರು ಬಂದರು, ಅಷ್ಟೇ.

ಆ ತನಕದ ಕಥೆಯೆಲ್ಲ ಬೆಟ್ಟಗಳಿರುವ ಬುಡಾ ದಡದ್ದು. ಬಯಲಿನ ಪೆಸ್ಟ್‌ಗೆ ಬುಗ್ಗೆಯ ಭಾಗ್ಯ ಇರಲಿಲ್ಲ. ಅದನ್ನು ನೆಲ ಕೊರೆದು ತಂದವನು ವಿಲ್ಮೋಶ್ ಜಿಗ್ಮೊಂಡಿ ಎಂಬ ಗಣಿ ಎಂಜಿನಿಯರ್. ಮಾರ್ಗರೆಟ್ ದ್ವೀಪದಲ್ಲಿ ಬಿಸಿನೀರು ತೆಗೆದು ಹೆಸರಾಗಿದ್ದ ಈತ 1868ರಲ್ಲಿ, ಈಗ ಹೀರೋಸ್ ಸ್ಕ್ವೇರ್ ಇರುವಲ್ಲಿ ಕೊರೆಯಲು ಶುರುಮಾಡಿದ. ಬೆಟ್ಟದಡಿಯ ಸುಣ್ಣಕಲ್ಲೇ ಬಯಲಿನ ಕೆಳಗೂ ಆಳದಲ್ಲಿ ಹರಡಿರಬೇಕು ಎಂಬುದು ಅವನ ಲೆಕ್ಕಾಚಾರ. ಬುಡಾ, ಪೆಸ್ಟ್, ಓಬುಡಾ ಸೇರಿ 1873ರಲ್ಲಿ ಒಂದೇ ನಗರವಾದಾಗಲೂ ಕೊರೆತ ನಡೆದೇ ಇತ್ತು. ಹತ್ತು ವರ್ಷದ ಮೇಲೆ, 1878ರಲ್ಲಿ, 970 ಮೀಟರ್ ಆಳದಿಂದ 74 ಡಿಗ್ರಿಯ ನೀರು ಚಿಮ್ಮಿತು. ಯುರೋಪಿನ ಅತಿ ಆಳದ ಬಾವಿಗಳಲ್ಲಿ ಅದೂ ಒಂದಾಯಿತು.

ಆ ನೀರಿಗಾಗಿ ಗ್ಯೋಜೋ ಸಿಗ್ಲೆರ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ ಹಳದಿ ಅರಮನೆಯೇ ಸೇಚೆನ್ಯಿ ಸ್ನಾನಗೃಹ. ಅದು ತೆರೆದದ್ದು 1913ರಲ್ಲಿ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಇದೇ ಊರಿನಲ್ಲಿ ಹುಟ್ಟಿದ ವರ್ಷ. ಸಿಗ್ಲೆರ್ ಅದನ್ನು ನೋಡಲಿಲ್ಲ, 1905ರಲ್ಲೇ ತೀರಿಕೊಂಡಿದ್ದ. ಎದೆಮಟ್ಟದ ಬಿಸಿನೀರಿನಲ್ಲಿ ನಿಂತು ಚದುರಂಗ ಆಡುವ ಮುದುಕರ ಫೋಟೋಗಳೆಲ್ಲ ಇಲ್ಲಿಯವೇ. ಪಕ್ಕದ ಮೃಗಾಲಯದ ನೀರಾನೆಗಳಿಗೂ ಇಲ್ಲಿನ ಬಿಸಿನೀರಿನಲ್ಲಿ ಪಾಲಿದೆ.

ಮುಂದಿನ ತಿರುವು ಸೋಲಿನಿಂದ ಬಂದದ್ದು. ಮೊದಲ ಮಹಾಯುದ್ಧದ ಬಳಿಕ, 1920ರ ಟ್ರಿಯನಾನ್ ಒಪ್ಪಂದದಲ್ಲಿ ಹಂಗೇರಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ಶ್ರೀಮಂತರು ಬೇಸಿಗೆ ಕಳೆಯುತ್ತಿದ್ದ ಹೆಸರಾಂತ ಬುಗ್ಗೆಯೂರುಗಳೂ ಗಡಿಯಾಚೆ ಉಳಿದವು. ಈಗಿನ ಸ್ಲೊವಾಕಿಯಾದ ಪಿಯೆಷ್ಟ್ಯಾನಿ ಅಂಥದ್ದೊಂದು. ಕೈಯಲ್ಲಿ ಉಳಿದ ರಾಜಧಾನಿಯನ್ನೇ ಸ್ನಾನನಗರಿಯಾಗಿಸುವ ಪ್ರಯತ್ನ ಆಗ ಬಿರುಸಾಯಿತು. 1927ರಲ್ಲಿ ಸೇಚೆನ್ಯಿಗೆ ಬಯಲು ಕೊಳಗಳು ಬಂದವು. 1918ರಲ್ಲಿ ತೆರೆದಿದ್ದ ಗೆಲ್ಲೇರ್ತ್ ಸ್ನಾನಗೃಹದಲ್ಲಿ ಯಂತ್ರದ ಅಲೆಗಳೆದ್ದದ್ದೂ ಅದೇ ವರ್ಷ.

ಊರಿನವರಿಗೆ ಇದು ಮೋಜಿನ ಜೊತೆಗೆ ಔಷಧವೂ ಹೌದು. ವೈದ್ಯರು ಚೀಟಿ ಬರೆದುಕೊಟ್ಟರೆ ಸರ್ಕಾರಿ ಆರೋಗ್ಯ ವಿಮೆ ಸ್ನಾನ ಚಿಕಿತ್ಸೆಯ ವೆಚ್ಚದಲ್ಲಿ ಒಂದು ಪಾಲು ಭರಿಸುತ್ತದೆ. ಲುಕಾಚ್ ಸ್ನಾನಗೃಹದ ಅಂಗಳದ ಗೋಡೆಯ ಮೇಲೆ ಕೀಲುನೋವು ವಾಸಿಯಾದವರು ಹಾಕಿಸಿದ ಅಮೃತಶಿಲೆಯ ಫಲಕಗಳು ಹಲವು ಭಾಷೆಗಳಲ್ಲಿವೆ.

ಚಿಕಿತ್ಸೆಯ ಈ ಹೆಸರೇ ರವೀಂದ್ರನಾಥ ಟ್ಯಾಗೋರರನ್ನೂ ಬಾಲಾಟೊನ್ ಸರೋವರದ ದಂಡೆಗೆ ಕರೆತಂದಿತು. 1926ರಲ್ಲಿ ಯುರೋಪ್ ಸುತ್ತುತ್ತ ಬಳಲಿ ಬುಡಾಪೆಸ್ಟ್ ತಲುಪಿದ ಅವರನ್ನು, ಖನಿಜಜಲಕ್ಕೂ ಹೃದಯದ ಚಿಕಿತ್ಸೆಗೂ ಹೆಸರಾದ ಬಾಲಾಟೊನ್‌ಫ್ಯೂರೆಡ್‌ಗೆ ಕಳಿಸಿದರು. ಚೇತರಿಸಿಕೊಂಡ ಕವಿ ನವೆಂಬರ್ 8ರಂದು ಅಲ್ಲಿ ಲಿಂಡೆನ್ ಸಸಿ ನೆಟ್ಟರು. ದಂಡೆಯ ಆ ಸಾಲುಮರದ ಹಾದಿಗೆ ಈಗ ಅವರದೇ ಹೆಸರು. ಸರೋವರದ ಇನ್ನೊಂದು ತುದಿಗೆ ಹೋದರೆ ಹೇವೀಜ್‌ನಲ್ಲಿ ನಾಲ್ಕು ಹೆಕ್ಟೇರಿಗೂ ದೊಡ್ಡದಾದ ಬಿಸಿನೀರಿನ ಸಹಜ ಕೆರೆಯಿದೆ. ಅದರ ಮೇಲೆ ತೇಲುವ ಕೆಂಪು ನೈದಿಲೆಗಳು ಭಾರತ ಮೂಲದವು. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ತಂದು ಬಿಟ್ಟವು ಅಲ್ಲಿನ ಬೆಚ್ಚನೆಯ ನೀರಿಗೆ ಒಗ್ಗಿಕೊಂಡವು.

ಬುಡಾಪೆಸ್ಟಿಗೆ ನಾಲ್ಕು ದಿನ, ಬಾಲಾಟೊನ್‌ಗೆ ಎರಡು ದಿನ ಇಟ್ಟುಕೊಂಡರೆ ಈ ಸುತ್ತು ಮುಗಿಯುತ್ತದೆ. ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಚೀಲದಲ್ಲಿ ಟವೆಲ್, ರಬ್ಬರ್ ಚಪ್ಪಲಿ, ಈಜುಕೊಳಕ್ಕೆ ತಲೆಟೋಪಿ ಇರಲಿ. ಮಿಂದೆದ್ದ ಹಸಿವಿಗೆ ಲಾಂಗೋಶ್ ಉಂಟು: ಹುದುಗಿಸಿದ ಹಿಟ್ಟನ್ನು ಅಗಲಕ್ಕೆ ತಟ್ಟಿ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ಸವರಿ, ಹುಳಿಕೆನೆ ಮತ್ತು ತುರಿದ ಚೀಸ್ ಹರಡಿ ಕೊಡುತ್ತಾರೆ. ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಹೊರಡುವ ಮುನ್ನ ಯಾವ ಸ್ನಾನಗೃಹ ತೆರೆದಿದೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಿರಾಯ್ 2020ರಲ್ಲಿ ಬಾಗಿಲು ಹಾಕಿತು, ಗೆಲ್ಲೇರ್ತ್ 2025ರ ಅಕ್ಟೋಬರ್‌ನಲ್ಲಿ ದೊಡ್ಡ ದುರಸ್ತಿಗೆಂದು ಮುಚ್ಚಿತು.