ಕಾಫಿ ಸೀಮೆಯಲ್ಲಿ ಆರೋಗ್ಯ ಉಳಿತಾಯ ಮತ್ತು ತೆರಿಗೆ ನೀತಿ

ಕಾಯಿಲೆಯ ಖರ್ಚಿಗೆಂದು ಮೊದಲೇ ಹಣ ತೆಗೆದಿಡುವವರಿಗೆ ತೆರಿಗೆ ರಿಯಾಯಿತಿ ಕೊಡುವ ನೀತಿಯಿಂದ ಕಾಫಿ ಬೆಳೆಯುವ ಆಲ್ದೂರು, ಮೂಡಿಗೆರೆ, ಕಳಸದ ಕಡೆಯವರಿಗೆ ದಕ್ಕಿದ್ದು ಕಡಿಮೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮು ಆರೋಗ್ಯ ವಿಮೆಯ ಕಂತಿಗೆ 25,000 ರೂಪಾಯಿ, ಹಿರಿಯ ನಾಗರಿಕರಿಗಾದರೆ 50,000 ರೂಪಾಯಿವರೆಗೆ ವಿನಾಯಿತಿ ಕೊಟ್ಟಿತು. ಅದರ ಲಾಭ ತೆರಿಗೆ ಕಟ್ಟುವವರಿಗಷ್ಟೇ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಕಾಫಿಯನ್ನು ಕಣದಲ್ಲಿ ಒಣಗಿಸಿ ಹಾಗೆಯೇ ಮಾರುವ ಸಣ್ಣ ಬೆಳೆಗಾರ ಈ ಲೆಕ್ಕದಿಂದಲೇ ಹೊರಗೆ. ಕ್ಯೂರಿಂಗ್ ಮಾಡಿಸಿ ಮಾರುವವರಿಗೂ ಆದಾಯ ತೆರಿಗೆ ನಿಯಮದಂತೆ ಆದಾಯದ ಶೇ. 25ಕ್ಕೆ ಮಾತ್ರ ತೆರಿಗೆ. ಲೈನು ಮನೆಗಳಲ್ಲಿದ್ದು ಹಣ್ಣು ಕೊಯ್ಯುವವರ ಕೂಲಿ ತೆರಿಗೆಯ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಹೀಗಾಗಿ ಈ ಸೀಮೆಯಲ್ಲಿ ಆರೋಗ್ಯದ ಭದ್ರತೆ ಬೇರೆ ಎರಡು ದಾರಿಗಳಲ್ಲಿ ಬಂತು: ತೋಟದ ಆಸ್ಪತ್ರೆಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮತ್ತು ಸಹಕಾರ ಸಂಘಗಳ ಮೂಲಕ ನಡೆದ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಚಿಂತನೆಯಿಂದ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿಯಲ್ಲಿ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಎಲ್ಲರ ಹಣ ಸೇರಿದ ನಿಧಿ ಭರಿಸುತ್ತಿತ್ತು, ಸರ್ಕಾರವೂ ಕೈಜೋಡಿಸಿತ್ತು.

ಹೀಗೆ ಎಲ್ಲರ ಹಣ ಕೂಡಿಸುವ ಬದಲು ತನ್ನ ಪಾಲನ್ನು ತಾನೇ ಉಳಿಸುವ ದಾರಿಯೂ ಇದೆ: ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ತೆರಿಗೆಮುಕ್ತ ಆರೋಗ್ಯ ಉಳಿತಾಯ ಖಾತೆಗೆ ಕಾನೂನು ಮಾಡಿತು. ಸ್ವಂತ ಖಾತೆಯ ಹಣವಾದರೆ ಜನ ಯೋಚಿಸಿ ಖರ್ಚು ಮಾಡುತ್ತಾರೆ ಎಂಬುದು ಅದರ ಸಮರ್ಥಕರ ವಾದ, ತಳ್ಳಿಹಾಕುವ ಮಾತಲ್ಲ. ಆದರೆ 1984ರಲ್ಲೇ ಮೆಡಿಸೇವ್ ಖಾತೆ ಆರಂಭಿಸಿದ ಸಿಂಗಪುರ ತಿಂಗಳ ಸಂಬಳದಿಂದ ಕಡ್ಡಾಯವಾಗಿ ಹಣ ಹಿಡಿದೂ ದೊಡ್ಡ ಕಾಯಿಲೆಗಳಿಗೆ ಅದು ಸಾಲದೆಂದು 1990ರಲ್ಲಿ ಮೆಡಿಶೀಲ್ಡ್ ಎಂಬ ಸಾಮೂಹಿಕ ವಿಮೆಯನ್ನು ಸೇರಿಸಬೇಕಾಯಿತು. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಕೈತುಂಬ ಕೆಲಸ ಸಿಗುವವರ ಖಾತೆ ಒಂದು ಹೃದಯ ಶಸ್ತ್ರಚಿಕಿತ್ಸೆಯ ಮೊತ್ತ ಮುಟ್ಟುವುದು ಯಾವಾಗ? ಯಶಸ್ವಿನಿ ಸರ್ಕಾರದ ಹಣವನ್ನು ನೆಚ್ಚಿಕೊಂಡಿತ್ತು, 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಕರಗಿತು ಎಂಬ ಆಕ್ಷೇಪವೂ ಇದೆ. ನಿಜ. ಆದರೆ ತೆರಿಗೆ ವಿನಾಯಿತಿಯೂ ಬೊಕ್ಕಸ ಬಿಟ್ಟುಕೊಟ್ಟ ಹಣವೇ, ಬಜೆಟ್ಟಿನ ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೆ. ಸಹಕಾರಿಗಳ ಒತ್ತಾಯದಿಂದ ಯೋಜನೆ 2022–23ರಲ್ಲಿ ಮರಳಿತು. ಗ್ರಾಮೀಣ ಕುಟುಂಬದ ವಂತಿಗೆ 500 ರೂಪಾಯಿ, ವರ್ಷದ ಮಿತಿ 5 ಲಕ್ಷ ರೂಪಾಯಿ.

ಯಶಸ್ವಿನಿಯ ನಿಜವಾದ ಕೊರತೆ ಬೇರೆಯದು: ಸಹಕಾರ ಸಂಘದ ಸದಸ್ಯತ್ವವಿಲ್ಲದ ಕೂಲಿ ಕುಟುಂಬ ಅದರೊಳಗೆ ಬರುವುದಿಲ್ಲ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ 5 ಲಕ್ಷದವರೆಗಿನ ಚಿಕಿತ್ಸೆ ಕೊಟ್ಟು ಈ ಅಂತರವನ್ನು ಬಹುಮಟ್ಟಿಗೆ ತುಂಬಿತು. 2025ರ ಸೆಪ್ಟೆಂಬರ್ 22ರಂದು ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ರದ್ದಾದಾಗ, ಆದಾಯ ತೆರಿಗೆ ಕಟ್ಟದ ಬೆಳೆಗಾರನಿಗೂ ತಲುಪಬಲ್ಲ ತೆರಿಗೆ ರಿಯಾಯಿತಿಯೊಂದು ಬಂದಂತಾಯಿತು.