ಬಣ್ಣ ಬದಲಾದ ಹೆಗ್ಗುರುತು: ಮುರುಡೇಶ್ವರದ ಶಿವನಿಂದ ಫ್ಲಾರಿಡಾದ ಗುಲಾಬಿ ಕೋಟೆಯವರೆಗೆ

ಭಟ್ಕಳ: ಮುರುಡೇಶ್ವರಕ್ಕೆ ಎರಡನೆಯ ಬಾರಿ ಬಂದವರು ಶಿವನ ಬೃಹತ್ ಮೂರ್ತಿಯ ಎದುರು ನಿಂತು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಳೆದ ಬಾರಿ ಬಂದಾಗ ಮೂರ್ತಿಯ ಬಣ್ಣ ಬೇರೆಯಿತ್ತಲ್ಲವೇ?

ಇದು ಕೇವಲ ಭ್ರಮೆಯಲ್ಲ. ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಕೆಲವದರಲ್ಲಿ ಮೂರ್ತಿಗೆ ಹೊನ್ನಿನ ಛಾಯೆ, ಕೆಲವದರಲ್ಲಿ ಬೆಳ್ಳಿಯ ಹೊಳಪು, ಇನ್ನು ಕೆಲವದರಲ್ಲಿ ಮಳೆ ತೊಳೆದು ಮಾಸಿದ ಬೂದು. ಸೂರ್ಯನ ಬೆಳಕು ನೇರವಾಗಿ ಬಿದ್ದು ಮಿನುಗುವಂತೆ ರೂಪಿಸಿರುವುದರಿಂದ ಒಂದೇ ದಿನದಲ್ಲಿಯೂ ಮೂರ್ತಿ ಹಲವು ಬಣ್ಣಗಳಲ್ಲಿ ಕಾಣುತ್ತದೆ ಎಂಬುದೂ ನಿಜ. ಆದರೂ ಪ್ರಶ್ನೆ ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಒಂದು ಬಗೆಯ ಅಸಮಾಧಾನವೇ ಹೆಚ್ಚಾಗಿರುತ್ತದೆ. ತಾವು ನೋಡಿ ಮೆಚ್ಚಿದ್ದನ್ನು ತಮ್ಮನ್ನು ಕೇಳದೆ ಯಾರೋ ಬದಲಿಸಿದ್ದಾರೆ ಎಂಬಂತಹ ಅಸಮಾಧಾನ. ಜನರು ಪ್ರೀತಿಸುವ ಹೆಗ್ಗುರುತೊಂದರ ಮೇಲ್ನೋಟ ಸ್ವಲ್ಪ ಕಾಲಕ್ಕೆ ಬದಲಾದಾಗ ನೋಡುಗರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲಿಯೂ ಸಾಗರದಾಚೆಯೂ ನಿದರ್ಶನಗಳಿವೆ.

ಸಿಮೆಂಟಿನ ಮೂರ್ತಿ, ಉಪ್ಪಿನ ಗಾಳಿ

ಭಟ್ಕಳದಿಂದ ಸುಮಾರು 15 ಕಿ.ಮೀ. ದೂರದ ಮುರುಡೇಶ್ವರದಲ್ಲಿ ಮೂರು ಕಡೆ ಅರಬ್ಬೀ ಸಮುದ್ರದಿಂದ ಆವೃತವಾದ ಕಂದುಕಗಿರಿಯ ಮೇಲೆ ಈ ಮೂರ್ತಿ ಇದೆ. ಎತ್ತರ 123 ಅಡಿ. ಶಿವಮೊಗ್ಗದ ಶಿಲ್ಪಿ ಕಾಶೀನಾಥ ಹಾಗೂ ಅವರ ಸಂಗಡಿಗರು ಸುಮಾರು 2 ವರ್ಷಗಳ ಕಾಲ ಶ್ರಮಿಸಿ ಇದನ್ನು ನಿರ್ಮಿಸಿದರು. ವೆಚ್ಚ ಭರಿಸಿದವರು ಇದೇ ಊರಿನವರಾದ ಉದ್ಯಮಿ ಆರ್.ಎನ್. ಶೆಟ್ಟಿ. 1928ರಲ್ಲಿ ಜನಿಸಿದ ಅವರು 2020ರ ಡಿಸೆಂಬರ್‌ನಲ್ಲಿ ನಿಧನರಾದರು. ದೇವಾಲಯದ ಎದುರಿನ 20 ಅಂತಸ್ತಿನ ರಾಜಗೋಪುರ 2008ರಲ್ಲಿ ಉದ್ಘಾಟನೆಗೊಂಡಿತು. ಲಿಫ್ಟ್ ಏರಿ ಮೇಲೆ ಹೋದರೆ ಮೂರ್ತಿಯನ್ನು ಎತ್ತರದಿಂದಲೂ ನೋಡಬಹುದು. ಮೂರ್ತಿಯ ಕೆಳಗಿನ ಗುಹೆಯಲ್ಲಿ ರಾವಣ ಮತ್ತು ಆತ್ಮಲಿಂಗದ ಕಥೆಯನ್ನು ಪ್ರತಿಮೆಗಳಲ್ಲಿ ಬಿಡಿಸಿಟ್ಟಿದ್ದಾರೆ. ಪುರಾತನ ಕ್ಷೇತ್ರವೊಂದರ ಸುತ್ತ ಹೊಸ ಕಾಲದ ವಿಹಾರಧಾಮವೊಂದು ಬೆಳೆದ ಬಗೆ ಇದು. ಇಲ್ಲಿಗೆ ಬರುವವರಲ್ಲಿ ಭಕ್ತರೆಷ್ಟು, ಪ್ರವಾಸಿಗರೆಷ್ಟು ಎಂದು ಗೆರೆ ಎಳೆಯುವುದು ಸುಲಭವಲ್ಲ.

ಕಲ್ಲಿನ ಮೂರ್ತಿಗೆ ಬಣ್ಣದ ಹಂಗಿಲ್ಲ. ಸಿಮೆಂಟಿನ ಮೂರ್ತಿಗೆ ಇದೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಜೊತೆಗೆ ಕಡಲಿನ ಗಾಳಿ ಹೊತ್ತು ತರುವ ಉಪ್ಪು. ಅದು ಸಿಮೆಂಟಿನ ಸೂಕ್ಷ್ಮ ಬಿರುಕುಗಳ ಮೂಲಕ ಒಳಗಿನ ಕಬ್ಬಿಣದ ಸರಳುಗಳನ್ನು ತಲುಪಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಗಾರೆ ಕಳಚುತ್ತದೆ. ಕಡಲಂಚಿನಲ್ಲಿ ತಾರಸಿ ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಈ ಕಷ್ಟವನ್ನು ವಿವರಿಸುತ್ತಾರೆ. ಆದ್ದರಿಂದ ಮೂರ್ತಿಗೆ ಬಳಿಯುವ ಬಣ್ಣ ಬರಿಯ ಅಂದಕ್ಕಾಗಿ ಅಲ್ಲ, ಅದು ಮೂರ್ತಿಯ ಕವಚವೂ ಹೌದು. ಪ್ರವಾಸಿಗ ತನ್ನ ನೆನಪಿನಲ್ಲಿ ಇಟ್ಟುಕೊಂಡ ಬಣ್ಣ ಯಾವುದಿದ್ದರೂ ಅದು ಕೆಲವು ಮಳೆಗಾಲಗಳ ಮಟ್ಟಿಗೆ ಮಾತ್ರ ಬಾಳುವಂಥದ್ದು.

ಇಲ್ಲಿ ಒಂದು ಪೇಚಿದೆ. ಮಳೆ ಬೀಳುವಾಗ ಬಣ್ಣ ಬಳಿಯಲಾಗದು. ಮಳೆ ನಿಂತು ಗೋಡೆ ಒಣಗುವ ಹೊತ್ತಿಗೆ ಪ್ರವಾಸಿಗರ ಹಂಗಾಮು ಆರಂಭವಾಗಿರುತ್ತದೆ. ದಸರಾ ರಜೆ, ದೀಪಾವಳಿ, ಆ ಬಳಿಕ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳ ಪ್ರವಾಸ, ಕೊನೆಗೆ ಶಿವರಾತ್ರಿ. ಹೀಗಾಗಿ ಇಂತಹ ಕೆಲಸ ಯಾವಾಗ ಕೈಗೆತ್ತಿಕೊಂಡರೂ ಯಾರದೋ ಪಾಲಿಗೆ ಮೂರ್ತಿ ಅಟ್ಟಣಿಗೆಯ ಹಿಂದೆ ಮರೆಯಾಗಲೇಬೇಕು. ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಕುಟುಂಬ ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರುಗಳನ್ನು ಎರಡು ದಿನದಲ್ಲಿ ಮುಗಿಸಿ ಹಿಂದಿರುಗಬೇಕು. ಮುಂದಿನ ವಾರ ಬನ್ನಿ ಎಂದರೆ ಅವರಿಗೆ ಅದು ಉತ್ತರವಾಗುವುದಿಲ್ಲ. ಸ್ಥಳೀಯರಿಗೆ ಮೂರ್ತಿ ನಾಳೆಯೂ ಇದೆ, ಅವರಿಗೆ ಇರುವುದು ಈ ಒಂದು ಮಧ್ಯಾಹ್ನ. ಕ್ಯಾಮೆರಾ ನೇತುಹಾಕಿಕೊಂಡು ತೀರದಲ್ಲಿ ಓಡಾಡುವ ಛಾಯಾಗ್ರಾಹಕರ ಸಂಪಾದನೆ ನಿಂತಿರುವುದೂ ಈ ಮಧ್ಯಾಹ್ನದ ಮೇಲೆಯೇ.

400 ಗ್ಯಾಲನ್ ಗುಲಾಬಿ ಬಣ್ಣ

ಒಮ್ಮೆ ಮಾತ್ರ ಬರುವ ಪ್ರವಾಸಿಗನ ಈ ಕಷ್ಟ ಜಗತ್ತಿನಲ್ಲಿ ಬಹುಶಃ ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ಅಮೆರಿಕದ ಫ್ಲಾರಿಡಾದಲ್ಲಿ. ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್ ಉದ್ಯಾನದ ನಡುವೆ ಸಿಂಡರೆಲಾ ಕೋಟೆ ಇದೆ. 189 ಅಡಿ ಎತ್ತರದ ಈ ಕೋಟೆ 1971ರ ಅಕ್ಟೋಬರ್ 1ರಂದು ಉದ್ಯಾನದ ಜೊತೆಗೇ ತೆರೆದುಕೊಂಡಿತು. ಹೆಸರು ಕೋಟೆಯಾದರೂ ಕಾಂಕ್ರೀಟು, ಉಕ್ಕು ಮತ್ತು ಫೈಬರ್‌ಗ್ಲಾಸ್‌ನ ಕಟ್ಟಡವದು. ದೇವಸ್ಥಾನಕ್ಕೂ ಮನರಂಜನಾ ಉದ್ಯಾನಕ್ಕೂ ಹೋಲಿಕೆ ಸಲ್ಲದು ಎಂಬ ಆಕ್ಷೇಪ ಬರಬಹುದು. ಶ್ರದ್ಧೆಯ ಮಟ್ಟಿಗೆ ಅದು ಸರಿಯೇ. ಆದರೆ ಕುಟುಂಬ ಸಮೇತ ದೂರದಿಂದ ಬಂದು, ಒಂದು ಎತ್ತರದ ಕಟ್ಟಡದ ಮುಂದೆ ನಿಂತು, ಒಂದು ಚಿತ್ರ ತೆಗೆಸಿಕೊಂಡು ಹೋಗುವ ಮನುಷ್ಯರು ಎರಡೂ ಕಡೆ ಒಂದೇ ಬಗೆಯವರು.

1996ರಲ್ಲಿ ಉದ್ಯಾನದ 25ನೆಯ ವರ್ಷಾಚರಣೆಗಾಗಿ ಈ ಕೋಟೆಯನ್ನು ಹುಟ್ಟುಹಬ್ಬದ ಕೇಕಿನಂತೆ ಸಿಂಗರಿಸಲಾಯಿತು. 400 ಗ್ಯಾಲನ್‌ಗೂ ಅಧಿಕ ಗುಲಾಬಿ ಬಣ್ಣ, 20ರಿಂದ 40 ಅಡಿ ಎತ್ತರದ 26 ಮೇಣದ ಬತ್ತಿಗಳು, ಗಾಳಿ ತುಂಬಿದ ಕೊಳವೆಗಳಿಂದ ಮಾಡಿದ ಕೇಕಿನ ಕೆನೆ, ಆಳೆತ್ತರದ ಮಿಠಾಯಿಗಳು. ಅಕ್ಟೋಬರ್‌ನಲ್ಲಿ ಆರಂಭವಾದ ಈ ವೇಷ 1998ರ ಜನವರಿಯವರೆಗೆ, ಅಂದರೆ 15 ತಿಂಗಳ ಕಾಲ ಇತ್ತು.

ಮಕ್ಕಳಿಗೆ ಕೇಕು ಹಿಡಿಸಿತು. ಆದರೆ ಮೊದಲ ಬಾರಿ, ಬಹುಶಃ ಜೀವನದಲ್ಲಿ ಒಂದೇ ಬಾರಿ ಬಂದ ಹಿರಿಯರು ಕೋಟೆ ಎಲ್ಲಿ ಎಂದು ಹುಡುಕುವಂತಾಯಿತು. ಕೋಟೆಯ ಹಿನ್ನೆಲೆಯಲ್ಲಿ ಮದುವೆಯ ಚಿತ್ರ ತೆಗೆಸಿಕೊಳ್ಳಲು ಮುಂಗಡವಾಗಿ ಏರ್ಪಾಡು ಮಾಡಿಕೊಂಡಿದ್ದ ಜೋಡಿಗಳಿಗೆ ದೊರೆತದ್ದು ಗುಲಾಬಿ ಕೇಕಿನ ಹಿನ್ನೆಲೆ. ದೂರುಗಳು ಬಂದದ್ದು ಸಹಜವೇ.

ಕುತೂಹಲದ ಸಂಗತಿ ಎಂದರೆ ಮುಂದೆ ಆದದ್ದು. ಅಂದು ಆ ಕೇಕಿನ ಮುಂದೆ ನಿಂತಿದ್ದ ಮಕ್ಕಳು ಬೆಳೆದು ದೊಡ್ಡವರಾದರು. ಅವರಲ್ಲಿ ಅನೇಕರ ಬಾಲ್ಯದ ಆಲ್ಬಮ್ಮಿನಲ್ಲಿರುವ ಕೋಟೆ ಗುಲಾಬಿ ಬಣ್ಣದ್ದೇ. ಒಂದು ತಲೆಮಾರಿಗೆ ವಿಕಾರವೆನಿಸಿದ್ದು ಮುಂದಿನವರಿಗೆ ಸವಿನೆನಪಾಗಿದೆ. ಮುರುಡೇಶ್ವರದಲ್ಲಿ ಹೊನ್ನಿನ ಬಣ್ಣ ನೋಡಿದವರಿಗೆ ಬೆಳ್ಳಿ ಹಿಡಿಸದಿರುವುದಕ್ಕೂ, ಬೆಳ್ಳಿ ನೋಡಿದವರಿಗೆ ಹೊನ್ನು ಒಪ್ಪಿಗೆಯಾಗದಿರುವುದಕ್ಕೂ ಕಾರಣ ಇದೇ ಇರಬೇಕು. ಮೊದಲು ನೋಡಿದ್ದೇ ಮೂಲ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

2020ರಲ್ಲಿ 50ನೆಯ ವರ್ಷಾಚರಣೆಗೆ ಮುನ್ನ ಅದೇ ಕೋಟೆಗೆ ಮತ್ತೆ ಗುಲಾಬಿ ಛಾಯೆಯ ಗೋಡೆ, ಕಡುನೀಲಿ ಮಾಡು ಬಂದವು. ಆಚರಣೆಯ ತೋರಣಗಳನ್ನು 2023ರಲ್ಲಿ ಕಳಚಿದರೂ ಗೋಡೆಯ ಬಣ್ಣ ಉಳಿಯಿತು. ಕೋಟೆಯನ್ನು ಹಳೆಯ ಬೂದು ಛಾಯೆಗೆ ಮರಳಿಸುವುದಾಗಿ ಸಂಸ್ಥೆ ಪ್ರಕಟಿಸಿದ್ದು 2025ರಲ್ಲಿ.

ಹೋಗದೆ ಉಳಿದ ಅಲಂಕಾರ

ಗುಲಾಬಿ ಕೇಕಿಗಾದರೂ ಕೊನೆಯ ದಿನವಿತ್ತು. ನಿಜವಾದ ಸಿಟ್ಟು ಹುಟ್ಟುವುದು ತಾತ್ಕಾಲಿಕವೆಂದು ಬಂದದ್ದು ಹೋಗದೆ ಕುಳಿತಾಗ. ಅದೇ ಫ್ಲಾರಿಡಾದ ಎಪ್ಕಾಟ್ ಉದ್ಯಾನದಲ್ಲಿ ಬೃಹತ್ ಗೋಲವೊಂದಿದೆ. 2000ನೆಯ ಇಸವಿಯ ಸಂಭ್ರಮಕ್ಕೆಂದು ಅದರ ಪಕ್ಕದಲ್ಲಿ ಮಿಕ್ಕಿ ಇಲಿಯ ಕೈ ಮತ್ತು ಮಂತ್ರದಂಡವನ್ನು ನಿಲ್ಲಿಸಿ, ಗೋಲದ ಮೇಲೆ 2000 ಎಂಬ ಅಂಕಿಯನ್ನು ಇರಿಸಿದರು. ಇಸವಿ ಕಳೆಯಿತು. ಅಂಕಿಯ ಜಾಗದಲ್ಲಿ ಉದ್ಯಾನದ ಹೆಸರು ಬಂತು, ದಂಡ ಅಲ್ಲಿಯೇ ಉಳಿಯಿತು. ಅದನ್ನು ತೆಗೆದದ್ದು 2007ರಲ್ಲಿ. ಪಕ್ಕದ ಇನ್ನೊಂದು ಉದ್ಯಾನದಲ್ಲಿ 2001ರಲ್ಲಿ ನಿಲ್ಲಿಸಿದ ಮಾಂತ್ರಿಕನ ಟೊಪ್ಪಿಗೆಯ ಕಥೆಯೂ ಹೀಗೆಯೇ. ಸುಮಾರು 122 ಅಡಿ ಎತ್ತರದ, ಅಂದರೆ ಮುರುಡೇಶ್ವರದ ಶಿವನಿಗಿಂತ ಒಂದೇ ಅಡಿ ಕುಳ್ಳಾದ ಆ ಟೊಪ್ಪಿಗೆ ಹಿಂದಿನ ಚೀನೀ ಶೈಲಿಯ ಚಿತ್ರಮಂದಿರದ ನೋಟವನ್ನು ಮರೆಮಾಡಿಕೊಂಡು 2015ರವರೆಗೆ ನಿಂತಿತ್ತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಸಿಗುತ್ತದೆ. ಅಲ್ಲಿನ ಭೂತಬಂಗಲೆಗೆ 2001ರಿಂದ ಚಲನಚಿತ್ರವೊಂದರ ಪಾತ್ರಗಳ ವೇಷ ತೊಡಿಸುವ ರೂಢಿ ಬಂತು. ವರ್ಷದ ಕೊನೆಯ ತಿಂಗಳುಗಳಲ್ಲಿ ಹಾಕಿ, ಹೊಸ ವರ್ಷದ ಆರಂಭದಲ್ಲಿ ಕಳಚುತ್ತಾರೆ. ಬರುವ ಕಾಲವೂ ಹೋಗುವ ಕಾಲವೂ ಗೊತ್ತಿರುವುದರಿಂದ ಅದನ್ನೇ ನೋಡಲು ಹೊರಡುವವರಿದ್ದಾರೆ, ಬೇಡವೆನ್ನುವವರು ಬೇರೆ ತಿಂಗಳು ಆರಿಸಿಕೊಳ್ಳುತ್ತಾರೆ.

ತೇರು ಮತ್ತು ದೀಪ

ಅವಧಿ ಗೊತ್ತಿದ್ದರೆ ದೂರಿಲ್ಲ ಎಂಬ ಈ ಮಾತು ನಮ್ಮ ಕರಾವಳಿಗೆ ಹೊಸತಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಶಿವರಾತ್ರಿಯ ಮಹಾರಥೋತ್ಸವಕ್ಕೆ ತೇರು ಕಟ್ಟುತ್ತಾರೆ. ಮರದ ಗಡ್ಡೆ ಹಳೆಯದು, ಮೇಲಿನ ಪತಾಕೆಗಳ ಸಿಂಗಾರ ಆ ಹಬ್ಬದ್ದು. ಜನ ಬಾಳೆಹಣ್ಣು ಎಸೆದು ಹರಕೆ ತೀರಿಸುತ್ತಾರೆ. ಹಬ್ಬ ಮುಗಿದ ಮೇಲೆ ಸಿಂಗಾರ ಇಳಿಯುತ್ತದೆ. ಮರುವಾರ ಬಂದವರು ಬರಿಯ ಗಡ್ಡೆಯನ್ನು ನೋಡಿ ಮೋಸವಾಯಿತು ಎನ್ನುವುದಿಲ್ಲ. ಹೊನ್ನಾವರ ತಾಲ್ಲೂಕಿನ ಗುಣವಂತೆ ಕೆರೆಮನೆ ಮೇಳದ ನೆಲೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಸ್ಥಾಪಿಸಿದ ಯಕ್ಷಗಾನ ಮಂಡಳಿ ಅದು. ರಾತ್ರಿ ಬರೆದುಕೊಂಡ ಬಣ್ಣವನ್ನು ಬೆಳಗಿನಲ್ಲಿ ಒರೆಸಿಬಿಡುವುದನ್ನು ನೋಡುತ್ತಲೇ ಬೆಳೆದ ಜನಕ್ಕೆ ಬಣ್ಣ ಶಾಶ್ವತವಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೈಸೂರು ಅರಮನೆಯೂ ಹಾಗೆಯೇ. ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ ದಸರೆಯ ದಿನಗಳಲ್ಲಿ, ಭಾನುವಾರ ಹಾಗೂ ಸರ್ಕಾರಿ ರಜೆಯ ಸಂಜೆಗಳಲ್ಲಿ ಬೆಳಗುತ್ತದೆ ಎಂಬುದು ಆಟೋ ಚಾಲಕನಿಂದ ಹಿಡಿದು ಹೋಟೆಲಿನ ಮಾಣಿಯವರೆಗೆ ಎಲ್ಲರಿಗೂ ಗೊತ್ತು. ಬುಧವಾರ ಸಂಜೆ ಕತ್ತಲೆಯ ಅರಮನೆ ಕಂಡವರು ತಮ್ಮ ಲೆಕ್ಕಾಚಾರವನ್ನೇ ಹಳಿದುಕೊಳ್ಳುತ್ತಾರೆ.

ಹೊರಡುವ ಮುನ್ನವೇ ತಿಳಿಯುವಂತೆ ಮಾಡುವ ಈ ಏರ್ಪಾಡು ಕರಾವಳಿಯ ಪ್ರವಾಸಿ ತಾಣಗಳಲ್ಲಿ ಇನ್ನೂ ಬೇರೂರಬೇಕಾಗಿದೆ. ದೊಡ್ಡ ಮೂರ್ತಿಗೋ ಗೋಪುರಕ್ಕೋ ಅಟ್ಟಣಿಗೆ ಕಟ್ಟುವ ಮುನ್ನ ಕೆಲಸ ಯಾವ ದಿನ ಆರಂಭ, ಯಾವ ದಿನ ಮುಕ್ತಾಯ ಎಂಬ ಎರಡು ಸಾಲಿನ ಪ್ರಕಟಣೆಯನ್ನು ಪತ್ರಿಕೆಗಳಿಗೆ, ಕೊಂಕಣ ರೈಲು ನಿಲ್ದಾಣಕ್ಕೆ, ವಸತಿಗೃಹಗಳಿಗೆ ತಲುಪಿಸಲು ಆಗುವ ಖರ್ಚು ಬಣ್ಣದ ಒಂದು ಡಬ್ಬಿಯ ಬೆಲೆಗಿಂತ ಹೆಚ್ಚಿರಲಾರದು.

ಮಿರ್ಜಾನಿನ ಹಸಿರು

ಮನುಷ್ಯರು ಕೈ ಹಾಕದೆಯೇ ವೇಷ ಬದಲಿಸುವ ಹೆಗ್ಗುರುತೂ ಈ ಭಾಗದಲ್ಲಿ ಒಂದಿದೆ. ಕುಮಟಾದಿಂದ ಸುಮಾರು 11 ಕಿ.ಮೀ. ದೂರದ ಮಿರ್ಜಾನ್ ಕೋಟೆ, ಕರಿಮೆಣಸಿನ ರಾಣಿ ಎಂದು ಖ್ಯಾತಳಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಜಂಬಿಟ್ಟಿಗೆಯ, ಇಲ್ಲಿನವರ ಮಾತಿನಲ್ಲಿ ಚಿರೆಕಲ್ಲಿನ, ಈ ಗೋಡೆಗಳು ಮಳೆಗಾಲದಲ್ಲಿ ಪಾಚಿ ಮತ್ತು ಹುಲ್ಲು ಹೊದ್ದು ಅಡಿಯಿಂದ ಮುಡಿಯವರೆಗೆ ಹಸಿರಾಗುತ್ತವೆ. ಎಲ್ಲೆಡೆ ಹರಿದಾಡುವ ಚಿತ್ರಗಳು ಬಹುತೇಕ ಆ ದಿನಗಳವು. ಚಿತ್ರ ನೋಡಿ ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಮಕ್ಕಳನ್ನು ಕರೆತಂದವರಿಗೆ ಕಾಣುವುದು ಒಣಗಿದ ಹುಲ್ಲು, ಕಂದು ಕಲ್ಲು, ನೆತ್ತಿ ಸುಡುವ ಬಿಸಿಲು.

ಅಲ್ಲಿಯೂ ಕೇಳಿಬರುವುದು ಅದೇ ಮಾತು: ಚಿತ್ರದಲ್ಲಿ ಇದ್ದಂತೆ ಇಲ್ಲ. ನಿಜವಾಗಿ ಕೋಟೆಯ ಸ್ವಂತ ಬಣ್ಣ ಏಪ್ರಿಲ್‌ನದೇ. ಹಸಿರೇ ಬೇಕೆನ್ನುವವರು ಜುಲೈನಿಂದ ಅಕ್ಟೋಬರ್ ನಡುವೆ ಹೊರಡುವುದು ಒಳಿತು. ಆಗ ಕಲ್ಲು ಜಾರುತ್ತದೆ, ಕೋಟೆಯ ಒಳಗೆ ನಿಲ್ಲಲು ಸೂರು ಕಡಿಮೆ. ಛತ್ರಿ ಮತ್ತು ಜಾರದ ಚಪ್ಪಲಿ ಜೊತೆಗಿರಲಿ.